ಫ್ರಿಜ್ ಕೆಟ್ಟಿದೆ ಅನ್ನುವ ಮೊದಲು ಅಳೆದು ನೋಡೋಣ



ಕರೆಂಟನ್ನು ನೆಚ್ಚಿಕೊಳ್ಳಲಾಗದ ತೋಟದ ಮನೆಗಳಲ್ಲಿ, ಚಿಕ್ಕ ಅಂಗಡಿಗಳಲ್ಲಿ ಸೋಲಾರ್ ಪ್ಯಾನೆಲ್ ಮತ್ತು 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಫ್ರಿಜ್‌ಗಳನ್ನು ನೀವೂ ನೋಡಿರಬಹುದು. ಅದು ನಿಂತರೆ ಎಲ್ಲರೂ ಹೇಳುವ ಮಾತು ಒಂದೇ: "ಫ್ರಿಜ್ ಕೆಟ್ಟೋಯ್ತು." ಎಷ್ಟೋ ಸಲ ಕೆಟ್ಟಿರುವುದು ಫ್ರಿಜ್ ಅಲ್ಲ, ಅದಕ್ಕೆ ಕರೆಂಟ್ ತಲುಪುವ ದಾರಿ. ಆ ದಾರಿಯನ್ನು ಅಳೆಯುವುದನ್ನು ಪ್ರೌಢಶಾಲೆಯಲ್ಲೇ ಕಲಿಸಬೇಕು ಅನ್ನುವುದು ನನ್ನ ವಾದ.

ಒಂದು ಲೆಕ್ಕ ನೋಡಿ. ಕಂಪ್ರೆಸರ್ ಇರುವ ಇಂಥ ಫ್ರಿಜ್ ಓಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ ಅನ್ನೋಣ. ಬ್ಯಾಟರಿ 10 ಮೀಟರ್ ದೂರದಲ್ಲಿದೆ. ಹೋಗಿ ಬರುವ ತಂತಿ ಒಟ್ಟು 20 ಮೀಟರ್. ಅದು 1.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಾದರೆ ರೋಧ ಸುಮಾರು 0.23 ಓಮ್. ತಂತಿಯಲ್ಲೇ 1.15 ವೋಲ್ಟ್ ಕಳೆದುಹೋಯಿತು. ಟರ್ಮಿನಲ್ ಮೇಲೆ ಪುಡಿ ಕಟ್ಟಿಕೊಂಡು ಇನ್ನೊಂದು 0.1 ಓಮ್ ಸೇರಿದರೆ ಮತ್ತೆ ಅರ್ಧ ವೋಲ್ಟ್ ಹೋಯಿತು. ಅರೆ ಚಾರ್ಜ್ ಆದ ಬ್ಯಾಟರಿ ಲೋಡ್ ಬಿದ್ದಾಗ 11.8 ಕೊಡುತ್ತಿದ್ದರೆ, ಫ್ರಿಜ್‌ಗೆ ಸಿಗುವುದು 10.15 ಮಾತ್ರ. ಬ್ಯಾಟರಿ ಹಾಳಾಗದಿರಲೆಂದು ಹಲವು ಫ್ರಿಜ್‌ಗಳು 10.4 ವೋಲ್ಟ್‌ನ ಆಸುಪಾಸಿನಲ್ಲಿ ತಾವಾಗಿಯೇ ನಿಂತುಬಿಡುತ್ತವೆ.

ಮೋಸ ಇರುವುದು ಇಲ್ಲೇ. ಫ್ರಿಜ್ ನಿಂತ ಮೇಲೆ ಮೀಟರ್ ಹಿಡಿದರೆ 12.2 ತೋರಿಸುತ್ತದೆ! ವಿದ್ಯುತ್ ಹರಿಯದಿದ್ದರೆ ತಂತಿಯಲ್ಲಿ ವೋಲ್ಟೇಜ್ ಬೀಳುವುದೂ ಇಲ್ಲವಲ್ಲ. "ಕರೆಂಟ್ ಸರಿಯಾಗೇ ಬರ್ತಾ ಇದೆ, ಕಂಪ್ರೆಸರ್ ಹೋಗಿದೆ" ಎಂಬ ತಪ್ಪು ತೀರ್ಪು ಬರುವುದು ಹೀಗೆ. ಬಡ ಕುಟುಂಬವೊಂದು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತದೆ. ಒಳಗೆ ಇನ್ಸುಲಿನ್ ಇದ್ದರೆ ಇನ್ನೂ ಕಷ್ಟ. ಒಡೆಯದ ಬಾಟಲಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು.

ಹಾಗಾಗಿ ನಿಯಮ ಸರಳ: ಫ್ರಿಜ್ ಓಡುತ್ತಿರುವಾಗ, ಇಲ್ಲವೇ ಓಡಲು ಒದ್ದಾಡುತ್ತಿರುವಾಗ, ಮೊದಲು ಬ್ಯಾಟರಿಯ ಬಳಿ, ಆಮೇಲೆ ಫ್ರಿಜ್‌ನ ಬಳಿ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ದಾರಿಯಲ್ಲಿ ಸೋರಿದ ವೋಲ್ಟೇಜ್. ವ್ಯತ್ಯಾಸ ಹೆಚ್ಚಿದ್ದರೆ ಟರ್ಮಿನಲ್ ಉಜ್ಜಿ, ಬಿಗಿ ಮಾಡಿ, ದಪ್ಪ ತಂತಿ ಹಾಕಿ, ಬ್ಯಾಟರಿಯನ್ನು ಹತ್ತಿರ ತನ್ನಿ.

ಉಳಿದವೂ ವಿಜ್ಞಾನದ ಪಾಠಗಳೇ. ಓಡುತ್ತದೆ, ತಣ್ಣಗಾಗುವುದಿಲ್ಲ ಅಂದರೆ ಹಿಂದಿನ ಜಾಲರಿಯ ಧೂಳು ತೆಗೆಯಿರಿ, ಗೋಡೆಯಿಂದ ದೂರ ಸರಿಸಿ. ಬಾಗಿಲ ನಡುವೆ ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ. ಕಂಪ್ರೆಸರ್ ಇಲ್ಲದ ಅಗ್ಗದ ಪೆಲ್ಟಿಯರ್ ಪೆಟ್ಟಿಗೆಯಾದರೆ, ಹೊರಗಿಗಿಂತ 15–20 ಡಿಗ್ರಿ ಕಡಿಮೆ ಮಾಡುವುದೇ ಅದರ ಶಕ್ತಿ. ಸೊಲ್ಲಾಪುರದ 40 ಡಿಗ್ರಿ ಬಿಸಿಲಲ್ಲಿ ಒಳಗೆ 20 ಇದ್ದರೆ ಅದು ದೋಷವಲ್ಲ. ಆದರೆ ಅದರಲ್ಲಿ ಔಷಧಿ ಇಡಬಾರದು.

"ಪಠ್ಯ ಮುಗಿಸೋದೇ ಕಷ್ಟ, ಇದೆಲ್ಲ ಯಾವಾಗ ಸಾರ್?" ಅಂತ ನೀವು ಕೇಳಬಹುದು. ಇದು ಪಠ್ಯದ ಹೊರಗಿನದ್ದಲ್ಲ. ಓಮ್‌ನ ನಿಯಮ, ತಂತಿ ಉದ್ದವಾದಷ್ಟು, ತೆಳುವಾದಷ್ಟು ಹೆಚ್ಚುವ ರೋಧ, ಎಲ್ಲ ಅದೇ ಪಾಠದಲ್ಲಿವೆ. ಶಾಲೆಗೆ ಫ್ರಿಜ್ಜೂ ಬೇಕಿಲ್ಲ. 12 ವೋಲ್ಟ್, 60 ವಾಟ್‌ನ ಕಾರಿನ ಹೆಡ್‌ಲೈಟ್ ಬಲ್ಬೂ ಸುಮಾರು 5 ಆಂಪಿಯರನ್ನೇ ಎಳೆಯುತ್ತದೆ. ಫ್ಯೂಸ್ ಹಾಕಿ, ನೀವೇ ಮುಂದೆ ನಿಂತು, ಒಮ್ಮೆ ಗಿಡ್ಡ ತಂತಿಯಲ್ಲಿ, ಒಮ್ಮೆ ಉದ್ದ ತಂತಿಯಲ್ಲಿ ಉರಿಸಿ ಮಕ್ಕಳಿಂದ ಅಳೆಸಿ. ಬಲ್ಬ್ ಸುಡುತ್ತದೆ, ಮುಟ್ಟಬಾರದು. ಬ್ಯಾಟರಿಯ ಎರಡು ತುದಿ ಒಂದಕ್ಕೊಂದು ತಾಗಬಾರದು.

ಗಡಿಯಲ್ಲಿರುವ ನಮಗೆ ಇನ್ನೊಂದು ಕಾರಣವೂ ಇದೆ. ನಮ್ಮ ಮಕ್ಕಳಿಗೆ 'ವಿಭವಾಂತರ' ಪರೀಕ್ಷೆಯ ಪದ. ರಿಪೇರಿಯವನ ಮಾತು ಮರಾಠಿಯೋ ತಮಿಳೋ ಮಲಯಾಳವೋ, ಕೈಪಿಡಿ ಇಂಗ್ಲಿಷಿನದು. ಕನ್ನಡದಲ್ಲಿ ಕಲಿತ ವಿಜ್ಞಾನ ಮನೆಯ ಕೆಲಸಕ್ಕೆ ಬಾರದು ಅನ್ನುವ ಭಾವನೆ ಹುಟ್ಟುವುದೇ ಹೀಗೆ. ತಾನೇ ಅಳೆದು "ಇಲ್ಲಿ 11.8, ಅಲ್ಲಿ 10.1" ಎಂದು ತೋರಿಸಬಲ್ಲ ಹುಡುಗಿಯ ಮಾತನ್ನು ಯಾವ ಭಾಷೆಯ ಮೆಕ್ಯಾನಿಕ್ಕೂ ತಳ್ಳಿಹಾಕಲಾರ.

ಶಾಲೆಗೊಂದು ಮಲ್ಟಿಮೀಟರ್ ಕೊಳ್ಳೋಣ. ಬೀರುವಿನಲ್ಲಿ ಬೀಗ ಹಾಕಿ ಇಡದೆ, ಮಕ್ಕಳ ಕೈಗೆ ಕೊಡೋಣ.