ಉರ್ವದ ಬಾಣಲೆ, ಮಲೆನಾಡಿನ ಬೊಜ್ಜು

ಮಂಗಳೂರಿನ ಉರ್ವದಲ್ಲಿ ಬೆಳಗಿನ ವಾಸನೆ ಮೀನಿನದು, ಸಂಜೆಯ ವಾಸನೆ ಎಣ್ಣೆಯದು. ಮಾರುಕಟ್ಟೆಯಲ್ಲಿ ಬಂಗುಡೆ, ಬೂತಾಯಿಗಳ ವ್ಯಾಪಾರ ಮುಗಿದು ಹೊತ್ತು ಇಳಿಯುತ್ತಿದ್ದಂತೆ ಹೋಟೆಲು, ಬೇಕರಿ, ಕೈಗಾಡಿಗಳ ಬಾಣಲೆಗಳು ಕಾಯತೊಡಗುತ್ತವೆ. ಗೋಳಿಬಜೆ, ಬನ್ಸ್, ಪಫ್ಸ್, ಅದರೊಡನೆ ಸಿಹಿ ಚಹಾ ಅಥವಾ ತಂಪು ಪಾನೀಯ. ಅಲ್ಲಿ ನಿಂತು ತಿನ್ನುವವರಲ್ಲಿ ಕೊಪ್ಪ, ಶೃಂಗೇರಿ, ಮೂಡಿಗೆರೆಗಳಿಂದ ಓದಲೆಂದು ಘಟ್ಟ ಇಳಿದ ಮಕ್ಕಳೂ ಇರುತ್ತಾರೆ. ತೋಟದ ಏರು ಹತ್ತಿ ಇಳಿದು ಬೆಳೆದ ದೇಹ ಬಾಡಿಗೆ ಕೋಣೆಗೂ ತರಗತಿಯ ಬೆಂಚಿಗೂ ಒಗ್ಗಿಕೊಂಡಿರುತ್ತದೆ. ರಜೆಗೆ ಊರಿಗೆ ಬಂದ ಮಗನ ಹೊಟ್ಟೆ ಕಂಡು ಮನೆಯವರು ನಗುತ್ತಾರೆ. ‘ಪೇಟೆಯ ಊಟ ಮೈಗೆ ಹತ್ತಿದೆ’ ಎನ್ನುತ್ತಾರೆ. ಆ ಹೊಟ್ಟೆಯೊಳಗೆ ನಡೆಯುತ್ತಿರುವುದು ಮಾತ್ರ ನಗುವ ವಿಷಯವಲ್ಲ.

ಬೊಜ್ಜು ಎಂದರೆ ಸೋಮಾರಿತನ ಮತ್ತು ಜಿಹ್ವಾಚಾಪಲ್ಯದ ಫಲ ಎಂಬ ತೀರ್ಪು ಸಮಾಜದಲ್ಲಿ ಬೇರೂರಿದೆ. ಈ ತೀರ್ಪು ಅರ್ಧಸತ್ಯ. ವ್ಯಕ್ತಿಯನ್ನು ದೂರಿ ಅವನ ತಟ್ಟೆಗೆ ಆ ಆಹಾರವನ್ನು ತಂದಿಟ್ಟ ವ್ಯವಸ್ಥೆಯನ್ನು ಅದು ಬಿಟ್ಟುಬಿಡುತ್ತದೆ. ಬೊಜ್ಜಿನ ವಿಜ್ಞಾನ ಕಳೆದ ಮೂರು ದಶಕಗಳಲ್ಲಿ ಹೇಳುತ್ತಿರುವ ಕಥೆಯೇ ಬೇರೆ.

ದೇಹದ ಕೊಬ್ಬು ನಿರ್ಜೀವ ದಾಸ್ತಾನೆಂದು ಬಹುಕಾಲ ಭಾವಿಸಲಾಗಿತ್ತು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ವಂಶವಾಹಿಯನ್ನು ಗುರುತಿಸಿತು. ಕೊಬ್ಬಿನ ಕೋಶಗಳು ಈ ಹಾರ್ಮೋನನ್ನು ಸ್ರವಿಸಿ ದಾಸ್ತಾನು ಎಷ್ಟಿದೆಯೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಅಂದರೆ ಕೊಬ್ಬಿನ ಅಂಗಾಂಶ ಜೀವಂತ. ಇಡೀ ದೇಹದೊಡನೆ ಮಾತನಾಡುವ ಅಂಗ.

ಇದನ್ನು ಮಲೆನಾಡಿನವರಿಗೆ ಕೆರೆಯ ಹೋಲಿಕೆಯಿಂದ ವಿವರಿಸುವುದು ಸುಲಭ. ಮಿತಿಯಲ್ಲಿ ನೀರು ಬಂದರೆ ಕೆರೆ ಅದನ್ನು ಹಿಡಿದಿಟ್ಟು ಬೇಸಗೆಯಲ್ಲಿ ಕೊಡುತ್ತದೆ. ಒಳಹರಿವು ನಿಲ್ಲದೆ ಬಂದರೆ ಏರಿ ಬಿರಿಯುತ್ತದೆ, ಕೋಡಿ ಒಡೆದು ನೀರು ಹೋಗಬಾರದ ಗದ್ದೆಗೆ ನುಗ್ಗುತ್ತದೆ. ಕೊಬ್ಬಿನ ಕೋಶವೂ ಹಾಗೆಯೇ. ಖರ್ಚಿಗಿಂತ ಹೆಚ್ಚು ಆಹಾರ ದಿನವೂ ಬಂದಾಗ ಅದು ಉಬ್ಬುತ್ತದೆ. ಉಬ್ಬಿದ ಕೋಶಕ್ಕೆ ಆಮ್ಲಜನಕ ಸಾಲದೆ ಹೋಗುತ್ತದೆ, ಕೆಲವು ಕೋಶಗಳು ಸಾಯುತ್ತವೆ. ಸತ್ತ ಕೋಶಗಳನ್ನು ಕಬಳಿಸಿ ಶುಚಿಗೊಳಿಸಲು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕಣಗಳು ಬಂದು ಸುತ್ತುವರಿಯುತ್ತವೆ. ಬೊಜ್ಜಿನ ಅಂಗಾಂಶದಲ್ಲಿ ಈ ಕಣಗಳು ಗುಂಪುಗೂಡುವುದನ್ನು 2003ರಲ್ಲಿ ಎರಡು ಸಂಶೋಧನಾ ತಂಡಗಳು ತೋರಿಸಿದವು. ಅದಕ್ಕೂ ಹತ್ತು ವರ್ಷ ಮೊದಲು, 1993ರಲ್ಲಿ, ಬೊಜ್ಜಿನ ಇಲಿಗಳ ಕೊಬ್ಬು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ರಾಸಾಯನಿಕವನ್ನು ಉತ್ಪಾದಿಸುವುದನ್ನೂ, ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುವುದನ್ನೂ ಗೋಖಾನ್ ಹೋತಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ಕಂಡಿತ್ತು.

ಮುಳ್ಳು ಚುಚ್ಚಿದಾಗ ಬರುವ ಉರಿಯೂತ ನಾಲ್ಕು ದಿನದಲ್ಲಿ ಇಳಿಯುತ್ತದೆ. ಕೊಬ್ಬಿನೊಳಗಿನ ಉರಿಯೂತಕ್ಕೆ ನೋವಿಲ್ಲ, ಜ್ವರವಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಉಳಿಯುತ್ತದೆ. ದಾಸ್ತಾನಾಗದ ಕೊಬ್ಬು ಕೋಡಿ ಹರಿದು ಯಕೃತ್ತು ಮತ್ತು ಸ್ನಾಯುಗಳಲ್ಲಿ ನೆಲೆಸುತ್ತದೆ. ಮಧುಮೇಹ, ಕೊಬ್ಬಿನ ಯಕೃತ್ತು, ಹೃದಯದ ಕಾಯಿಲೆಗಳ ದಾರಿ ಇದೇ.

ಹಾಗಾದರೆ ಅಪರಾಧಿ ಯಾರು, ಕೊಬ್ಬೋ ಸಕ್ಕರೆಯೋ? ಈ ವಾದ ದಶಕಗಳಿಂದ ನಡೆದಿದೆ. ವಾದದ ರೂಪವೇ ದಾರಿ ತಪ್ಪಿಸುವಂಥದು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ, ಸಕ್ಕರೆಯಲ್ಲಿ 4. ಸಕ್ಕರೆಯ ಅರ್ಧಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಅತಿಯಾಗಿ ಬಂದ ಫ್ರಕ್ಟೋಸನ್ನು ಯಕೃತ್ತು ಕೊಬ್ಬಾಗಿ ಪರಿವರ್ತಿಸುತ್ತದೆ. ಇನ್ನೊಂದೆಡೆ, ತಾಳೆ ಎಣ್ಣೆಯಲ್ಲಿ ಸುಮಾರು ಶೇ. 40ರಷ್ಟಿರುವ ಪಾಲ್ಮಿಟಿಕ್ ಆಮ್ಲದಂಥ ಪರ್ಯಾಪ್ತ ಕೊಬ್ಬು ರಕ್ಷಣಾ ಕಣಗಳನ್ನು ಕೆರಳಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಇವೆರಡೂ ಒಂದೇ ತುತ್ತಿನಲ್ಲಿ ಸೇರಿದಾಗ ಹೊಟ್ಟೆ ತುಂಬಿದರೂ ಬಾಯಿ ಬೇಡವೆನ್ನುವುದಿಲ್ಲ. ಪ್ರಕೃತಿಯಲ್ಲಿ ಕೊಬ್ಬೂ ಸಕ್ಕರೆಯೂ ಒಟ್ಟಿಗೆ ದೊರೆಯುವುದು ಅಪರೂಪ. ಹಾಲು ಅಂಥದೊಂದು, ಅದಿರುವುದು ಮರಿ ಬೆಳೆಯಲೆಂದು. ಮೈದಾ, ಸಕ್ಕರೆ, ಎಣ್ಣೆಗಳ ಕೂಟವಾದ ಬನ್ಸು, ಕೇಕು, ಕ್ರೀಮ್ ಬಿಸ್ಕತ್ತುಗಳು ಬೆಳೆದ ದೇಹಕ್ಕೂ ಅದೇ ಆಜ್ಞೆ ನೀಡುತ್ತವೆ: ಇನ್ನೂ ಬೆಳೆ.

ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರದ ಬಗ್ಗೆ 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಅವರ ತಂಡ ಪ್ರಕಟಿಸಿದ ಪ್ರಯೋಗ ಗಮನಾರ್ಹ. 20 ಜನರಿಗೆ ಎರಡು ವಾರ ಇಂಥ ಆಹಾರ, ಎರಡು ವಾರ ಸರಳವಾಗಿ ಬೇಯಿಸಿದ ಆಹಾರ ನೀಡಲಾಯಿತು. ಬಡಿಸಿದ ಎರಡೂ ಬಗೆಯಲ್ಲಿ ಕೊಬ್ಬು, ಸಕ್ಕರೆಗಳ ಪ್ರಮಾಣ ಒಂದೇ ಇತ್ತು. ಎಷ್ಟು ಬೇಕಾದರೂ ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಂಸ್ಕರಿಸಿದ ಆಹಾರ ತಿಂದಾಗ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದು ಸರಾಸರಿ 0.9 ಕಿಲೋ ತೂಕ ಗಳಿಸಿದರು. ಸರಳ ಆಹಾರದಲ್ಲಿ ಅಷ್ಟೇ ತೂಕ ಕಳೆದುಕೊಂಡರು. ಮನುಷ್ಯರು ಅವರೇ. ಬದಲಾದದ್ದು ಅವರ ಸಂಯಮವಲ್ಲ, ಆಹಾರ.

‘ನಾನು ತೆಳ್ಳಗಿದ್ದೇನೆ, ನನಗೇನು?’ ಎನ್ನುವವರಿಗೂ ಇಲ್ಲಿ ಎಚ್ಚರಿಕೆಯಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮನ್ನೂ ಬ್ರಿಟನ್ನಿನ ಮಿತ್ರ ಜಾನ್ ಯುಡ್‌ಕಿನ್ ಅವರನ್ನೂ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಬ್ಬರ ದೇಹತೂಕದ ಸೂಚ್ಯಂಕವೂ 22.3, ದೇಹದ ಕೊಬ್ಬು ಮಾತ್ರ ಯುಡ್‌ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಭಾರತೀಯರು ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತವರು. ಆದ್ದರಿಂದಲೇ ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಬಾರದೆಂಬ ಮಿತಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ವಯಸ್ಕರಲ್ಲಿ ಶೇ. 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆಯೆಂದೂ ಅಂದಾಜಿಸಿತು. ಇದು ಪೇಟೆಯ ಶ್ರೀಮಂತರ ರೋಗವಾಗಿ ಉಳಿದಿಲ್ಲ.

ಇದಕ್ಕೂ ಪರಿಸರಕ್ಕೂ ಏನು ಸಂಬಂಧ? ಉರ್ವದಿಂದ ಉತ್ತರಕ್ಕೆ ಹೊರಟು ಕೂಳೂರು ಸೇತುವೆ ದಾಟಿದರೆ ಪಣಂಬೂರು. ಅಲ್ಲಿನ ನವಮಂಗಳೂರು ಬಂದರಿಗೆ ಹಡಗುಗಳಲ್ಲಿ ತಾಳೆ ಎಣ್ಣೆ ಬಂದಿಳಿಯುತ್ತದೆ. ಭಾರತ ಬಳಸುವ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಆಮದಿನದು; ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯ, ಮಲೇಷ್ಯಗಳ ತಾಳೆ ಎಣ್ಣೆ. ಸುಮಾತ್ರ, ಬೋರ್ನಿಯೋಗಳ ಮಳೆಕಾಡು ಕಡಿದು ಬೆಳೆಸಿದ ತೋಟಗಳ ಎಣ್ಣೆಯದು. ಪಶ್ಚಿಮಘಟ್ಟದ ಒಂದು ಮರಕ್ಕಾಗಿ ಧರಣಿ ಕೂರುವವರು ಬೋರ್ನಿಯೋದ ಕಾಡನ್ನು ಬಿಸ್ಕತ್ತಿನ ರೂಪದಲ್ಲಿ ತಿನ್ನುತ್ತಿರುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಗಳ ತಾಳೆ ಎಣ್ಣೆ ಅಭಿಯಾನಕ್ಕೆ ಒಪ್ಪಿಗೆ ನೀಡಿ ಈಶಾನ್ಯ ರಾಜ್ಯಗಳಿಗೂ ಅಂಡಮಾನಿಗೂ ಒತ್ತು ಕೊಟ್ಟಿತು. ಅಲ್ಲಿ ಕಾಡಿಗಾಗುವ ಹಾನಿ, ಇಲ್ಲಿ ದೇಹಕ್ಕಾಗುವ ಹಾನಿ ಒಂದೇ ಸರಪಳಿಯ ಎರಡು ಕೊನೆಗಳು.

ಹಾಗೆಂದು ‘ನಮ್ಮದೆಲ್ಲ ಅಮೃತ’ ಎಂಬ ಭ್ರಮೆಯೂ ಬೇಡ. ಜೋನಿ ಬೆಲ್ಲ, ಓಲೆ ಬೆಲ್ಲ, ತುಡುವೆ ಜೇನು ಇವೆಲ್ಲವೂ ಸಕ್ಕರೆಯೇ. ಯಕೃತ್ತು ಅವುಗಳ ಹುಟ್ಟೂರನ್ನು ಕೇಳುವುದಿಲ್ಲ. ತೆಂಗಿನೆಣ್ಣೆಯ ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು. ಹಿರಿಯರನ್ನು ಕಾಪಾಡಿದ್ದು ಬೆಲ್ಲದ ಪವಾಡವಲ್ಲ. ಅದು ದೊರೆಯುತ್ತಿದ್ದ ಪ್ರಮಾಣ, ಹಬ್ಬಕ್ಕಷ್ಟೇ ಇಡುತ್ತಿದ್ದ ಬಾಣಲೆ ಮತ್ತು ದಿನವಿಡೀ ಬೆವರಿಸುತ್ತಿದ್ದ ದುಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ ಇಳಿಸಿದರೆ ಒಳ್ಳೆಯದೆನ್ನುತ್ತದೆ. ಬೆಲ್ಲದ ಚಹಾ, ಜೇನೂ ಆ ಲೆಕ್ಕಕ್ಕೆ ಸೇರುತ್ತವೆ. 300 ಮಿ.ಲೀ. ಕೋಲಾ ಪಾನೀಯವೊಂದೇ ಆ ಮಿತಿಯನ್ನು ದಾಟುತ್ತದೆ.

ಸರ್ಕಾರ ಮನಸ್ಸು ಮಾಡಿದರೆ ಬದಲಾವಣೆ ಸಾಧ್ಯ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬನ್ನು ಶೇ. 2ಕ್ಕೆ ಮಿತಿಗೊಳಿಸಿದ್ದು ಇದಕ್ಕೆ ಸಾಕ್ಷಿ. ಚಿಲಿ ದೇಶ 2016ರಿಂದಲೇ ಸಕ್ಕರೆ, ಕೊಬ್ಬು, ಉಪ್ಪು ಅತಿಯಾದ ಪೊಟ್ಟಣಗಳ ಮುಖದ ಮೇಲೆ ಕಪ್ಪು ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಇಲ್ಲಿಯೂ ಅದು ಬೇಕು, ಮತ್ತು ಕನ್ನಡದಲ್ಲಿ ಬೇಕು. ಆದರೆ 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಬದಲಾವಣೆಯನ್ನು ನೋಡಿ: ಸಿಹಿ ಸೋಡಾ ಪಾನೀಯಗಳಿಗೆ ಶೇ. 40, ಬಿಸ್ಕತ್ತು, ಕೇಕು, ಚಾಕೊಲೇಟು, ನಮ್ಕೀನ್, ಐಸ್‌ಕ್ರೀಮ್‌ಗಳಿಗೆ ಕೇವಲ ಶೇ. 5. ದ್ರವರೂಪದ ಸಕ್ಕರೆ ಕೆಟ್ಟದ್ದು, ಕೊಬ್ಬಿನೊಡನೆ ಬೆರೆತ ಘನರೂಪದ ಸಕ್ಕರೆ ಒಳ್ಳೆಯದೆಂಬುದು ಯಾವ ವಿಜ್ಞಾನ?

ನೀತಿ ಬದಲಾಗುವವರೆಗೆ ಊರು ಕಾಯಬೇಕಾಗಿಲ್ಲ. ಪರಿಸರ ಸಂಘಟನೆಗಳ ಸಭೆಯಲ್ಲೇ ಬಿಸ್ಕತ್ತಿನ ಪೊಟ್ಟಣ ಒಡೆಯುವುದು ಮೊದಲು ನಿಲ್ಲಲಿ. ಬೇಯಿಸಿದ ಕಡಲೆ, ಮಜ್ಜಿಗೆ ಬರಲಿ. ಶಾಲಾ ವಾರ್ಷಿಕೋತ್ಸವ, ಯಕ್ಷಗಾನದ ರಾತ್ರಿಗಳಲ್ಲಿ ಇಡ್ಲಿ, ಕೊಟ್ಟೆ ಕಡುಬು, ಪತ್ರೊಡೆಗಳೂ ಬಾಣಲೆಯ ಪಕ್ಕದಲ್ಲಿ ಜಾಗ ಪಡೆಯಲಿ. ಘಟ್ಟ ಇಳಿಯುವ ಮಕ್ಕಳ ಚೀಲದಲ್ಲಿ ಚಕ್ಕುಲಿ ಡಬ್ಬಿಯ ಜೊತೆಗೆ ಹುರುಳಿಕಾಳೂ ಗಂಜಿಗೆ ಕುಚ್ಚಲಕ್ಕಿಯೂ ಇರಲಿ. ಉರ್ವದ ಸಂಜೆಯ ಬಾಣಲೆಯಷ್ಟೇ ಹತ್ತಿರದಲ್ಲಿ ಉರ್ವದ ಬೆಳಗಿನ ಬೂತಾಯಿಯೂ ಇದೆ. ಮೀನು ತಿನ್ನುವವರಿಗೆ, ಕರಿಯದೆ ಸಾರು ಮಾಡಿದರೆ, ಒಮೆಗಾ-3 ಕೊಬ್ಬಿನ ಅಷ್ಟು ಅಗ್ಗದ ಮೂಲ ಬೇರೊಂದಿಲ್ಲ.

ಇದು ವ್ಯರ್ಥ ಪ್ರಯತ್ನವೇನಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರು ಆಹಾರ ಮತ್ತು ನಡಿಗೆಯನ್ನು ತಿದ್ದಿಕೊಂಡಾಗ ರೋಗಕ್ಕೆ ತುತ್ತಾಗುವ ಅಪಾಯ ಶೇ. 28.5ರಷ್ಟು ತಗ್ಗಿತು. ಬೂದಿಯ ಕೆಳಗಿನ ಕೆಂಡ ಆರಿಸಬಲ್ಲದ್ದೇ. ಅದಕ್ಕೆ ಮೊದಲು ದಪ್ಪ ಮೈಯವರನ್ನು ಹಂಗಿಸುವುದು ನಿಲ್ಲಬೇಕು; ಬಾಣಲೆಗೆ ಎಣ್ಣೆ ಎಲ್ಲಿಂದ ಬಂತೆಂದು ಕೇಳುವುದು ಶುರುವಾಗಬೇಕು.