ಅಗ್ಗದ ಕೂಲಿ, ದುಬಾರಿ ಕೆಲಸ

ಇಂದಿನದು ಪೈಪೋಟಿಯ ಕಾಲ. ಒಂದೇ ಬಗೆಯ ಸರಕನ್ನು ಹತ್ತು ಮಂದಿ ಮಾರುವಾಗ ಯಾರ ಬೆಲೆ ಕಡಿಮೆಯೋ ಅವರಿಗೆ ಗಿರಾಕಿ ಹೆಚ್ಚು. ಆದುದರಿಂದ ಕಾರ್ಖಾನೆಯ ಯಜಮಾನನು ಖರ್ಚನ್ನು ತಗ್ಗಿಸಲು ಹವಣಿಸುವುದು ಸಹಜವೇ. ಬಟ್ಟೆಯ ಬೆಲೆಯಾಗಲಿ ವಿದ್ಯುತ್ತಿನ ದರವಾಗಲಿ ಅವನ ಹಿಡಿತದಲ್ಲಿಲ್ಲ. ಕೈಗೆ ಸುಲಭವಾಗಿ ಸಿಕ್ಕುವುದು ಕೂಲಿಯೊಂದೇ. ಕೂಲಿಯನ್ನು ಹಿಡಿದರೆ, ಆಳುಗಳನ್ನು ಇಳಿಸಿದರೆ ಲಾಭವಾಯಿತೆಂಬ ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ನಾಲ್ಕು ಉತ್ಪಾದನಾಂಗಗಳನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಇವುಗಳಲ್ಲಿ ಶ್ರಮವನ್ನು ನಾನು ಪುಸ್ತಕಕ್ಕಿಂತ ಮೊದಲೇ ಮನೆಯಲ್ಲಿ ಕಂಡವನು. ನನ್ನ ತಾಯಿ ಹನ್ನೊಂದು ವರ್ಷಗಳಿಂದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಷರಟಿನ ಕಾಲರು ಹೊಲಿಯುತ್ತಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಫೀಜು ಹುಟ್ಟಿದ್ದು ಆ ಕಾಲರುಗಳಿಂದ.

ಈ ಕೆಲಸವನ್ನು ಕಾಣದವರಿಗೆ ಒಂದು ಮಾತು. ಅಲ್ಲಿ ಇಡೀ ಷರಟನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರು, ಒಬ್ಬರು ಕಫ್, ಇನ್ನೊಬ್ಬರು ತೋಳು. ಹೀಗೆ ಸಾಲಾಗಿ ಕುಳಿತ ಹತ್ತಾರು ಕೈಗಳನ್ನು ದಾಟಿ ಷರಟು ಹೊರಬೀಳುತ್ತದೆ. ನಡುವೆ ಒಬ್ಬರ ಕೆಲಸ ನಿಂತರೆ ಅವರ ಮುಂದೆ ರಾಶಿ ಬೀಳುತ್ತದೆ. ಆಚೆಯವರು ಕೈಕಟ್ಟಿ ಕೂರುತ್ತಾರೆ.

ಎರಡು ವರ್ಷಗಳ ಹಿಂದೆ ಉಳಿತಾಯಕ್ಕೆಂದು ಆ ಸಾಲಿನ ಹೆಲ್ಪರುಗಳಲ್ಲಿ ಅರ್ಧ ಜನರನ್ನು ತೆಗೆದರು. ಬಂಡಲು ತರುವುದು, ದಾರ ಕತ್ತರಿಸುವುದು ಟೈಲರುಗಳ ಪಾಲಿಗೆ ಬಂತು. ಟಾರ್ಗೆಟ್ ಮಾತ್ರ ಇಳಿಯಲಿಲ್ಲ. ಬೈಗುಳ ಹೆಚ್ಚಿತು, ನುರಿತ ಐದಾರು ಮಂದಿ ಬಿಟ್ಟುಹೋದರು. ಹೊಸಬರ ಕೈ ಕುದುರುವವರೆಗೆ ಹೊಲಿದದ್ದನ್ನು ಬಿಚ್ಚಿ ಹೊಲಿಯುವುದೇ ಕೆಲಸವಾಯಿತು. ಒಂದು ರಾತ್ರಿ ತಾಯಿ, “ಹೆಲ್ಪರ್ ಸಂಬ್ಳ ಉಳಿಸೋಕೋಗಿ, ಟೈಲರ್ ಸಂಬ್ಳ ಕೊಟ್ಟು ದಾರ ಕತ್ತರಿಸೋ ಕೆಲ್ಸ ಮಾಡುಸ್ತಾವ್ರೆ ಕಣಪ್ಪ” ಎಂದರು. ಅರ್ಥಶಾಸ್ತ್ರ ಓದಿದ ನಾನು ಇದನ್ನು ಇಷ್ಟು ಚೆನ್ನಾಗಿ ಹೇಳಲಾರೆ.

ದಿನಗೂಲಿಯೇ ಬೇರೆ, ಕೆಲಸದ ವೆಚ್ಚವೇ ಬೇರೆ. ಲೆಕ್ಕಕ್ಕೆಂದು ಹೀಗೆ ಊಹಿಸೋಣ: ನುರಿತವಳು 500 ರೂಪಾಯಿಗೆ 250 ಕಾಲರು ಹೊಲಿದರೆ ಕಾಲರೊಂದಕ್ಕೆ 2 ರೂಪಾಯಿ. ಹೊಸಬಳು 400 ರೂಪಾಯಿಗೆ 160 ಹೊಲಿದರೆ ಎರಡೂವರೆ ರೂಪಾಯಿ. ಕಡಿಮೆ ಕೂಲಿಯವಳೇ ದುಬಾರಿಯಾದಳು!

ಅಮೆರಿಕದ ಮೋಟಾರು ಕಾರ್ಖಾನೆಯ ಹೆನ್ರಿ ಫೋರ್ಡನಿಗೂ ಈ ಲೆಕ್ಕ ತಟ್ಟಿತ್ತು. 1913ರಲ್ಲಿ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು ಅವನು 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕಿಳಿಸಿ, ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದನು. ಹಿಂದಿನದರ ಇಮ್ಮಡಿಗೂ ಮಿಗಿಲು! ಅದಕ್ಕೆ ಕೆಲಸಗಾರರ ಮನೆಯೊಳಗೆ ಇಣುಕುವ ಕಟ್ಟುಪಾಡುಗಳೂ ಇದ್ದುವು. ಅದನ್ನು ನಾನು ಹೊಗಳಲಾರೆ. ಆದರೆ ಬಿಟ್ಟುಹೋಗುವವರ ಸಂಖ್ಯೆ ಥಟ್ಟನೆ ಇಳಿಯಿತು. ಅಷ್ಟು ದೂರವೇಕೆ? ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಿ. ಕಾಯುವ ಹಳೆಯ ದೀಪಗಳ ಬದಲು ಎಲ್‌ಇಡಿ ದೀಪ ಹಾಕಿದಾಗ ಒಳಗಿನ ಸೆಕೆ ತಗ್ಗಿ, ಬಿಸಿಲ ದಿನಗಳಲ್ಲೂ ಕೆಲಸ ಹೆಚ್ಚಾಗಿ ಸಾಗಿತು.

ಯಜಮಾನರ ಕಷ್ಟವೂ ಸುಳ್ಳಲ್ಲ. ಬಾಂಗ್ಲಾದೇಶ, ವಿಯೆಟ್ನಾಂಗಳೊಡನೆ ಅವರ ಸ್ಪರ್ಧೆ. ಆರ್ಡರು ಒಂದು ತಿಂಗಳು ತುಂಬಿದರೆ ಇನ್ನೊಂದು ತಿಂಗಳು ಬರಿದು. ಕೆಲಸವಿಲ್ಲದ ಕೈಗಳನ್ನು ಸುಮ್ಮನೆ ಸಾಕಿರೆಂದು ನಾನು ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ಎರಡು ಮೂರು ಬಗೆಯ ಹೊಲಿಗೆ ಕಲಿಸಿದರೆ ಒಬ್ಬರು ಬಾರದ ದಿನ ಸಾಲು ನಿಲ್ಲುವುದಿಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುವಿಹಾರ ಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಕೂಸು ಹತ್ತಿರವಿದ್ದರೆ ತಾಯಿ ರಜೆ ಹಾಕುವುದೂ ತಗ್ಗುವುದಲ್ಲವೇ?

ನಾಳೆ ನಮ್ಮಲ್ಲಿ ಕೆಲವರು ಲೆಕ್ಕದ ಪುಸ್ತಕ ಹಿಡಿಯುವವರಾಗಬಹುದು. ಆಗ ಕೂಲಿಯ ಮೊತ್ತವನ್ನಷ್ಟೇ ಕೂಡಿ ಪುಸ್ತಕ ಮುಚ್ಚದೆ, ಬಿಟ್ಟುಹೋದ ಕೈಗಳನ್ನೂ ಎಣಿಸೋಣ. ಬಿತ್ತುವ ರಾಗಿಯನ್ನು ಬೀಸಿ ಉಂಡರೆ ಅಂದಿನ ಹೊಟ್ಟೆ ತುಂಬುವುದು ನಿಜ. ಸುಗ್ಗಿ ಮಾತ್ರ ಬರುವುದಿಲ್ಲ.