ಜಾರುವುದೇ ಕಲೆಯಾದರೆ

ಕಾರನ್ನು ಅಡ್ಡಡ್ಡಲಾಗಿ ಜಾರಿಸುತ್ತ, ಹೊಗೆಯೆಬ್ಬಿಸುತ್ತ ತಿರುವು ದಾಟಿಸುವ ಡ್ರಿಫ್ಟಿಂಗ್ ಒಂದು ಕಲೆ. ರೇಸ್ ಟ್ರ್ಯಾಕಿನಲ್ಲಿ ಶುಲ್ಕ ಕಟ್ಟಿ ಸುತ್ತು ಹಾಕುವ ಟ್ರ್ಯಾಕ್ ಡೇ ಬರಿಯ ಗುಮಾಸ್ತಗಿರಿ, ಸೆಕೆಂಡುಗಳ ಜಮಾಖರ್ಚು. ಈ ಮಾತು ನಮ್ಮ ಬಳಗದ ಕಿರಿಯರ ಬಾಯಲ್ಲಿ ಪದೇ ಪದೇ ಕೇಳಿಬರುತ್ತಿದೆ. ಹಿರಿಯರಿಗೋ ಎರಡೂ ಒಂದೇ: ದುಡ್ಡಿದ್ದವರ ಹುಚ್ಚು. ಕಡತಗಳ ನಡುವೆಯೇ ಬದುಕು ಸವೆಸುತ್ತಿರುವ ನಮಗೆ ಗುಮಾಸ್ತಗಿರಿಯೆಂಬುದು ಬೈಗುಳವಾಗಿ ಕೇಳಿಸುವುದಿಲ್ಲ, ಅದಿರಲಿ. ಆದರೆ ಕಿರಿಯರ ವಾದಕ್ಕಾಗಲಿ ಹಿರಿಯರ ತಾತ್ಸಾರಕ್ಕಾಗಲಿ ನಮ್ಮ ಒಪ್ಪಿಗೆಯಿಲ್ಲ.

ಚೆನ್ನೈಯಿಂದ ಬೆಂಗಳೂರು ಹೆದ್ದಾರಿ ಹಿಡಿದು ಊರಿಗೆ ಹೋಗುವ ನಮ್ಮವರೆಲ್ಲ ಶ್ರೀಪೆರಂಬುದೂರಿಗೆ ಮುನ್ನ ಇರುಂಗಾಟ್ಟುಕೋಟ್ಟೈಯನ್ನು ದಾಟಿಯೇ ಹೋಗುತ್ತಾರೆ. ಅಲ್ಲಿರುವ 3.7 ಕಿಲೋಮೀಟರಿನ, 12 ತಿರುವುಗಳ ಟ್ರ್ಯಾಕ್ 1990ರಿಂದ ನಡೆಯುತ್ತಿದೆ. ಅದಕ್ಕೆ ಮೊದಲು ಮದರಾಸಿನವರು ಷೋಲಾವರದಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಸುತ್ತಿದ್ದರು. ನಾವು ಕೆಲವರು ವರ್ಷಕ್ಕೆ ಒಂದೆರಡು ಬಾರಿ ಅಲ್ಲಿಗೆ ಹೋಗುತ್ತೇವೆ, ದಿನವೂ ಕಚೇರಿಗೆ ಒಯ್ಯುವ ಅದೇ ಕಾರುಗಳಲ್ಲಿ. ಮೊದಲು ಕಾರಿನ ತಪಾಸಣೆ, ಹೆಲ್ಮೆಟ್ಟಿನ ತಪಾಸಣೆ, ಬಾವುಟಗಳ ಅರ್ಥದ ಪಾಠ. ಹೊಸಬರು, ಪಳಗಿದವರು ಎಂದು ಗುಂಪು ಮಾಡುತ್ತಾರೆ. ಮುಂದಿನವನು ಕೈ ತೋರಿಸಿ ದಾರಿ ಬಿಟ್ಟರಷ್ಟೇ, ಅದೂ ನೇರ ಹಾದಿಯಲ್ಲಿ ಮಾತ್ರ, ಹಿಂದಿನವನು ಮುಂದೆ ಹೋಗಬೇಕು. ಇದು ರೇಸಲ್ಲ, ಬಹುಮಾನವಿಲ್ಲ, ಸೋತವರಿಲ್ಲ. ಸೆಕೆಂಡುಗಳ ಜಮಾಖರ್ಚು ಎಂದು ಹಳಿಯುವವರಿಗೆ ಒಂದು ಸಂಗತಿ ತಿಳಿದಿರಲಿ: ಇಂಗ್ಲೆಂಡಿನ ಟ್ರ್ಯಾಕ್ ಡೇಗಳಲ್ಲಿ ಸಾಮಾನ್ಯವಾಗಿ ಸಮಯ ಅಳೆಯುವುದಕ್ಕೇ ಅನುಮತಿಯಿಲ್ಲ. 1927ರಲ್ಲಿ ತೆರೆದ, ಸುಮಾರು 20.8 ಕಿಲೋಮೀಟರ್ ಉದ್ದದ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಸಾರ್ವಜನಿಕರು ಸುಂಕ ಕೊಟ್ಟು ಓಡಿಸುವ ದಿನಗಳಲ್ಲಿಯೂ ಸಮಯ ಅಳೆಯುವುದು ನಿಷಿದ್ಧ. ಅಲ್ಲಿ ಡ್ರಿಫ್ಟಿಂಗೂ ನಿಷಿದ್ಧವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಹಾಗಾದರೆ ಅಲ್ಲಿ ಕಲಿಯುವುದೇನು? ಹಿಡಿತದ ಮಿತಿಯನ್ನು. ಟಯರಿಗೂ ನೆಲಕ್ಕೂ ನಡುವಿನ ಹಿಡಿತವೆಂಬುದು ತಿಂಗಳ ಸಂಬಳದಂತೆ: ಬ್ರೇಕಿಗೆ ಖರ್ಚು ಮಾಡಿದ್ದು ತಿರುಗುವುದಕ್ಕೆ ಉಳಿಯದು, ತಿರುಗುವುದಕ್ಕೆ ಪೂರ್ತಿ ಕೊಟ್ಟಮೇಲೆ ಆಕ್ಸಿಲರೇಟರ್ ಒತ್ತಿದರೆ ಸಾಲ. ಆದ್ದರಿಂದ ನೇರ ಹಾದಿಯಲ್ಲಿಯೇ ಬ್ರೇಕಿನ ಬಹುಪಾಲು ಮುಗಿಸಬೇಕು, ಅದನ್ನು ಮೆಲ್ಲಗೆ ಸಡಿಲಿಸುತ್ತ ಕಾರನ್ನು ತಿರುವಿನ ಒಳಅಂಚಿಗೆ ತರಬೇಕು, ಸ್ಟಿಯರಿಂಗ್ ನೆಟ್ಟಗಾಗುತ್ತ ಬಂದಂತೆ ವೇಗ ಕೊಡಬೇಕು. ಕಣ್ಣು ಬಾನೆಟ್ಟಿನ ಮೇಲಲ್ಲ, ಮುಂದಿನ ತಿರುವಿನ ಮೇಲೆ. ಅದೇ ತಿರುವನ್ನು ಅದೇ ರೀತಿಯಲ್ಲಿ ಹತ್ತು ಸಲ ದಾಟಿಸಲು ಬರುವುದಕ್ಕೆ ನಮಗೆ ವರ್ಷಗಳೇ ಬೇಕಾದವು. ಲೆಕ್ಕವಿದ್ದಲ್ಲಿ ಕಲೆಯಿಲ್ಲ ಎನ್ನುವ ಗೆಳೆಯರು ಕುಮಾರವ್ಯಾಸನ ಭಾಮಿನಿಯನ್ನು ತೆರೆದು ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆ ಎಣಿಸಿ ನೋಡಲಿ.

ಡ್ರಿಫ್ಟಿಂಗಿನಲ್ಲಿ ಕೌಶಲವಿಲ್ಲವೆಂದು ನಾವು ಹೇಳುವುದಿಲ್ಲ. ಹಿಂಚಕ್ರಗಳ ಹಿಡಿತವನ್ನು ಬೇಕೆಂದೇ ಕಡಿದು, ಸ್ಟಿಯರಿಂಗನ್ನು ತಿರುವಿಗೆ ವಿರುದ್ಧವಾಗಿ ಹಿಡಿದು, ಜಾರುವ ಕಾರನ್ನು ಆಕ್ಸಿಲರೇಟರಿನಿಂದ ತೂಗಿಸುವುದು ಸುಲಭವಲ್ಲ. ಮುಂದಿನ ಕಾರಿನ ಬಾಗಿಲಿಗೆ ಒಂದೆರಡು ಅಡಿ ಅಂತರದಲ್ಲಿ ಇನ್ನೊಂದು ಕಾರನ್ನು ಜಾರಿಸುವುದು ಇನ್ನೂ ಕಠಿಣ. ಆದರೆ ಅದರ ಚರಿತ್ರೆಯನ್ನು ಅದರ ಭಕ್ತರೇ ಅರ್ಧ ಓದುತ್ತಾರೆ. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಕಾಹಾಶಿ ರೇಸುಗಳಲ್ಲಿ ಕಾರನ್ನು ಜಾರಿಸಿ ತಿರುವು ಹೊಡೆಯುತ್ತಿದ್ದುದನ್ನು ಕಂಡು ಬೆಳೆದವನು ಕೆಯಿಚಿ ತ್ಸುಚಿಯಾ. ರಾತ್ರಿಯ ಘಾಟಿ ರಸ್ತೆಗಳಲ್ಲಿ ಅದನ್ನು ಸಾಧಿಸಿ, 1987ರ ‘ಪ್ಲಸ್ಪಿ’ ಎಂಬ ವೀಡಿಯೊದಿಂದ ಅವನು ಡ್ರಿಫ್ಟ್ ಕಿಂಗ್ ಎನಿಸಿದ. ಭಕ್ತರು ಇಲ್ಲಿಗೆ ನಿಲ್ಲಿಸುತ್ತಾರೆ. 1995ರಲ್ಲಿ ಇದೇ ಗುರುಶಿಷ್ಯರು, ಅಕಿರಾ ಈಡಾ ಜೊತೆಗೂಡಿ, ಲೆ ಮಾನ್‌ನ 24 ಗಂಟೆಗಳ ರೇಸಿನಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಓಡಿಸಿ ತಮ್ಮ ವರ್ಗದಲ್ಲಿ ಗೆದ್ದರು. ಆಗ ತಕಾಹಾಶಿಗೆ 55 ವರ್ಷ. ಇಪ್ಪತ್ತನಾಲ್ಕು ಗಂಟೆ ಕಾರನ್ನು ಉಳಿಸಿಕೊಂಡು ಗುರಿ ಮುಟ್ಟಬೇಕಾದಲ್ಲಿ ತಿರುವು ತಿರುವಿಗೂ ಟಯರು ಸುಡುವ ಐಷಾರಾಮ ಯಾರಿಗಿದೆ?

ಜಾರುವುದೇ ತಪ್ಪೆಂದಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರಾಷ್ಟ್ರೀಯ ರ್‍ಯಾಲಿ ನಡೆದಾಗ ನಿಂತು ನೋಡಿದವರಿಗೆ ಗೊತ್ತು, ಅಲ್ಲಿ ಕಾರುಗಳು ಜಾರುತ್ತಲೇ ಬರುತ್ತವೆ. ಸಡಿಲ ಜಲ್ಲಿಯ ಮೇಲೆ ಬೇಗ ತಿರುಗಲು ಅದೇ ದಾರಿ. ಜಾರುವಿಕೆ ಅಲ್ಲಿ ನೆಲದ ಬೇಡಿಕೆ. ಒಳ್ಳೆಯ ಡಾಂಬರಿನ ಮೇಲೆ, ಹಿಡಿತ ಬೇಕಾದಷ್ಟಿರುವಾಗ, ಅದನ್ನು ಕಳೆದುಕೊಳ್ಳುವುದನ್ನೇ ಗುರಿಯಾಗಿಸಿಕೊಂಡದ್ದು ನೋಡುವವರ ಬೇಡಿಕೆ. ಡ್ರಿಫ್ಟ್ ಸ್ಪರ್ಧೆಯಲ್ಲಿ ತೀರ್ಪುಗಾರರು ಸಾಗಿದ ಗೆರೆ, ಓರೆಯ ಕೋನ, ಶೈಲಿ ನೋಡಿ ಅಂಕ ಕೊಡುತ್ತಾರೆ. ಯಾರೂ ನೋಡದ ಡ್ರಿಫ್ಟ್ ಇಲ್ಲ. ಗಡಿಯಾರವನ್ನು ಹಂಗಿಸಿ ಹುಟ್ಟಿದ ಈ ಆಟ ಜಪಾನಿನ ಡಿ1 ಸರಣಿಯಲ್ಲಿ ಕೊನೆಗೆ ಕೋನವನ್ನೂ ವೇಗವನ್ನೂ ಅಳೆಯುವ ಯಂತ್ರವನ್ನೇ ಕಾರಿನೊಳಗೆ ಕೂರಿಸಿಕೊಂಡಿತು ಎಂಬುದು ನಮಗೆ ಸ್ವಲ್ಪ ನಗು ತರಿಸುವ ವಿಷಯ.

ನಮ್ಮ ನಿಜವಾದ ತಕರಾರು ಇರುವುದು ಈ ನೋಡುವವನ ಬಗ್ಗೆಯೇ. ನಮ್ಮ ಸಹೋದ್ಯೋಗಿಯೊಬ್ಬರ ಮಗ, ಹತ್ತೊಂಬತ್ತರ ಹುಡುಗ, ಊರಾಚೆ ಇನ್ನೂ ಮನೆ ಏಳದ ಬಡಾವಣೆಯೊಂದರ ಅಗಲ ರಸ್ತೆಯಲ್ಲಿ ರಾತ್ರಿ ಎರವಲು ಕಾರು ತಂದು ಹ್ಯಾಂಡ್‌ಬ್ರೇಕ್ ಎಳೆದ. ಅವನಿಗೇನೂ ಆಗಲಿಲ್ಲ. ಮೊಬೈಲು ಹಿಡಿದು ಚಿತ್ರೀಕರಿಸುತ್ತಿದ್ದ ಗೆಳೆಯನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಆ ಗೆಳೆಯ ಅಲ್ಲಿ ನಿಲ್ಲದಿದ್ದರೆ ಕಾರು ಜಾರುವ ಪ್ರಮೇಯವೇ ಬರುತ್ತಿರಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸು ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಲ್ಲಿ ಶಿಕ್ಷೆಯಿದೆ, ಅಪಾಯಕಾರಿ ಚಾಲನೆಗೆ 184ರಲ್ಲಿದೆ. ಕಾನೂನು ಗೊತ್ತಿಲ್ಲದೆ ಯಾರೂ ಇದನ್ನು ಮಾಡುತ್ತಿಲ್ಲ. ಮೂವತ್ತು ಸೆಕೆಂಡಿನ ವೀಡಿಯೊಗೆ ಹೊಗೆ ಬೇಕು. ಸರಿಯಾಗಿ ಬ್ರೇಕು ಹಾಕಿದ್ದನ್ನು ಯಾರು ನೋಡುತ್ತಾರೆ?

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. ಟ್ರ್ಯಾಕಿಗೆ ಹೋಗಿಬಂದವನಿಗೂ ವೇಗದ ಅಮಲೇರಿ ಹೆದ್ದಾರಿಯಲ್ಲಿ ಹಾರುವುದಿಲ್ಲವೇ? ಕೆಲವರಿಗೆ ಏರುತ್ತದೆ, ಹೌದು. ಆದರೆ ಟ್ರ್ಯಾಕಿನಲ್ಲಿ ಬ್ರೇಕು ಕಾದು ಪೆಡಲು ಮೆತ್ತಗಾಗಿ ನೆಲಕ್ಕೆ ಇಳಿಯುವುದನ್ನು ಒಮ್ಮೆ ಅನುಭವಿಸಿದವನು ಹೆದ್ದಾರಿಯಲ್ಲಿ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಲಾರ. ಅಲ್ಲಿ ಕಲಿತ ದೃಷ್ಟಿ, ಅಂತರ, ಬ್ರೇಕಿನ ಅಂದಾಜು ರಸ್ತೆಗೆ ಹಾಗೆಯೇ ಬರುತ್ತದೆ. ಡ್ರಿಫ್ಟಿನ ಪಾಠ ರಸ್ತೆಗೆ ಬಂದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇವೆ. ಒಂದು ವಿನಾಯಿತಿಯನ್ನು ಮಾತ್ರ ಮನಸಾರೆ ಒಪ್ಪುತ್ತೇವೆ: ನೀರು ಹಾಯಿಸಿದ ಮುಚ್ಚಿದ ಮೈದಾನದಲ್ಲಿ, ಕಡಿಮೆ ವೇಗದಲ್ಲಿ, ಜಾರಿದ ಕಾರನ್ನು ಸರಿದಾರಿಗೆ ತರುವುದನ್ನು ಕಲಿಸಿದರೆ ಪ್ರತಿಯೊಬ್ಬ ಚಾಲಕನಿಗೂ ಉಪಕಾರ. ಅದು ಜಾರುವಿಕೆಯನ್ನು ನಿಲ್ಲಿಸುವ ವಿದ್ಯೆ.

ಇನ್ನು ನಮ್ಮ ಮನೆಯ ಕಾರುಗಳ ವಿಷಯ. ಮಾರುತಿ 800 ಬಂದಂದಿನಿಂದ ಮಧ್ಯಮವರ್ಗದ ಬಹುಪಾಲು ಕಾರುಗಳು ಮುಂಚಕ್ರದಿಂದ ಎಳೆದುಕೊಂಡು ಹೋಗುವಂಥವು. ಅವುಗಳಲ್ಲಿ ನಿಜವಾದ ಡ್ರಿಫ್ಟ್ ಸಾಧ್ಯವಿಲ್ಲ, ಹ್ಯಾಂಡ್‌ಬ್ರೇಕ್ ಎಳೆದು ಬಾಲ ಬೀಸಬಹುದಷ್ಟೇ. ಹಿಂಚಕ್ರದ ಕಾರು ಬೇಕಾದರೆ ಲಕ್ಷಾಂತರ ರೂಪಾಯಿಯ ಜರ್ಮನ್ ಕಾರು ಕೊಳ್ಳಬೇಕು, ಇಲ್ಲವೇ ಹಳೆಯ ಆಮ್ನಿಯನ್ನು ಹುಡುಕಬೇಕು! ಜೊತೆಗೆ ಒಂದೇ ದಿನದಲ್ಲಿ ಸವೆದುಹೋಗುವ ಹಿಂದಿನ ಜೋಡಿ ಟಯರು. ಟ್ರ್ಯಾಕ್ ಡೇಗೆ ಸಣ್ಣ ಹ್ಯಾಚ್‌ಬ್ಯಾಕ್ ಸಾಕು. ಹೊಸ ಬ್ರೇಕ್ ಆಯಿಲ್, ದಪ್ಪ ಉಳಿದಿರುವ ಬ್ರೇಕ್ ಪ್ಯಾಡು, ಒಳ್ಳೆಯ ಟಯರು, ಡಿಕ್ಕಿಯಲ್ಲಿ ಸಾಮಾನಿಲ್ಲದಿರುವುದು, ಇಷ್ಟೇ ಸಿದ್ಧತೆ. ಹಿರಿಯರು ದುಡ್ಡಿದ್ದವರ ಹುಚ್ಚು ಎಂದಾಗ ಯಾವುದನ್ನು ಕುರಿತು ಹೇಳುತ್ತಿದ್ದೇವೆ ಎಂದು ವಿಂಗಡಿಸಿ ಹೇಳಲಿ. ಮಗ ಟ್ರ್ಯಾಕಿಗೆ ಹೋಗುತ್ತೇನೆ ಎಂದರೆ ಅಪಾಯವೆಂದು ಬಾಗಿಲು ಹಾಕಿ, ರಾತ್ರಿ ಹನ್ನೊಂದಕ್ಕೆ ಕಾರಿನ ಕೀಲಿ ತೆಗೆದುಕೊಂಡು ಹೋದರೆ ‘ಗೆಳೆಯರ ಜೊತೆ ಐಸ್‌ಕ್ರೀಮಿಗೆ’ ಎಂದು ಸುಮ್ಮನಿರುವ ತಂದೆತಾಯಂದಿರನ್ನು ನಾವು ಬಹಳ ಕಂಡಿದ್ದೇವೆ.

ಚೆನ್ನೈಯವರಿಗೆ ಇರುಂಗಾಟ್ಟುಕೋಟ್ಟೈ ಇದೆ, ಕೊಯಮತ್ತೂರಿನವರಿಗೆ 2003ರಲ್ಲಿ ತೆರೆದ ಕರಿ ಮೋಟಾರ್ ಸ್ಪೀಡ್‌ವೇ ಇದೆ, ದೆಹಲಿಯವರಿಗೆ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ ಇದೆ. ಡ್ರಿಫ್ಟಿಂಗೇ ಕಲೆ ಎನ್ನುವ ಕಿರಿಯ ಗೆಳೆಯರು ಮುಂದಿನ ಸಲ ನಮ್ಮೊಡನೆ ಬರಲಿ. ಹೆಲ್ಮೆಟ್ ನಾವೇ ಕೊಡುತ್ತೇವೆ. ತುಂಬುತೋಳಿನ ಹತ್ತಿಯ ಅಂಗಿ, ಬಿಗಿಯಾದ ಷೂ ಹಾಕಿಕೊಂಡು ಬಂದರೆ ಸಾಕು. ಮೊಬೈಲನ್ನು ಮಾತ್ರ ಪಿಟ್‌ನಲ್ಲಿಯೇ ಬಿಟ್ಟು ಕಾರು ಹತ್ತಬೇಕು.